ಗೊರಸಿನ ಮಣೆ

ಬಸ್ಸು ಬುಕ್ಕಸಾಗರದ ಕ್ರಾಸು ಬಿಟ್ಟು ಬಾಳೆತೋಟಗಳ ನಡುವೆ ಓಡತೊಡಗಿದ ಮೇಲೂ ಉಜ್ಜಿನಪ್ಪನ ಕೈ ಮತ್ತೆ ಮತ್ತೆ ಮಡಿಲಿನ ಗಂಟಿಗೇ ಹೋಗುತ್ತಿತ್ತು. ಗಂಟಿನೊಳಗೆ ಮನೆಯಲ್ಲಿ ಪೂಜಿಸುವ ಕಲ್ಲು, ಬಸವಣ್ಣನ ಗೊರಸು ಇತ್ತು. ಬೆಳಿಗ್ಗೆ ಬಿಳಿ ಟವೆಲ್ಲಿನಲ್ಲಿ ಅದನ್ನು ಸುತ್ತಿ ತುದಿಗಳನ್ನು ಎಳೆದು ಬಿಗಿಯುವಾಗ ಅವನಿಗೆ ಕಸಿವಿಸಿಯಾಗಿತ್ತು. ಇಂಥದೇ ಗಂಟನ್ನು ಹಿಂದೊಮ್ಮೆ ಕಟ್ಟಿದ ಬೆರಳುಗಳು ಇವು. ತಾನು ಮರೆತರೂ ಅವು ಮರೆತಿಲ್ಲ, ಅದೇ ಹಳೆಯ ಚುರುಕಿನಲ್ಲಿ ಕಟ್ಟಿ ಮುಗಿಸಿದ್ದವು. ಹಿಂದಿನ ಸೀಟಿನಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರು ಜೋರಾಗಿ ಮಾತಾಡುತ್ತಿದ್ದರು. ಕಂಡಕ್ಟರ್ ಬಂದು ನಿಂತ. ಮಡಿಲನ್ನೇ ನೋಡಿದ. “ಏನಜ್ಜ, ಮಡ್ಲಾಗ ಕೋಳಿ ಇಟ್ಕಂಡು ಹೊಂಟಿಯೇನು? ಅದಕ್ಕೂ ಟಿಕೆಟ್ ಆಕ್ಕತಿ ನೋಡು ಮತ್ತ.” ಹೆಂಗಸರು ನಕ್ಕರು. “ಕೂಗಲಿಲ್ಲಲ್ಲೋ, ಮೂಕ ಕೋಳಿ ಇರಬೇಕು” ಎಂದಳು ಒಬ್ಬಳು. ಇದು ದೇವರು ಎನ್ನಬೇಕೆಂದು ಉಜ್ಜಿನಪ್ಪ ಬಾಯಿ ತೆರೆದ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಮಡಿಲಲ್ಲಿ ಕೋಳಿ ಎಂಬ ಮಾತು. ಆದರೆ ಹೊರಗೆ ಬಂದದ್ದು “ತೆಂಗಿನಕಾಯಪ್ಪ, ಕಂಪ್ಲಿಗೆ ಒಂದು” ಎಂದು. ಕಂಡಕ್ಟರ್ ಮುಂದೆ ಹೋದ. ಇಷ್ಟು ಸಣ್ಣದಕ್ಕೆ, ಯಾರೂ ಕೇಳದೇ ಇದ್ದದ್ದಕ್ಕೆ, ದೇವರನ್ನು ತೆಂಗಿನಕಾಯಿ ಮಾಡಿದೆನಲ್ಲ ಎಂದು ಉಜ್ಜಿನಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಕಾಲುವೆಯಲ್ಲಿ ನೀರು ಕೆಂಪಗೆ ಹೋಗುತ್ತಿತ್ತು.

ನಿನ್ನೆ ಸಂಜೆ ಫೋನು ಮಾಡಿದವನು ತಿಪ್ಪೇಶ್, ತಮ್ಮನ ಮಗ. ತಮ್ಮ ನಾಗೇಂದ್ರಪ್ಪನಿಗೆ ಲಕ್ವ ಹೊಡೆದು ಹೊಸಪೇಟೆಯ ಆಸ್ಪತ್ರೆಗೆ ಹಾಕಿದ್ದರಂತೆ, ಈಗ ಕಂಪ್ಲಿಯ ಮನೆಗೆ ಕರೆತಂದಿದ್ದಾರಂತೆ. “ಮಾತಿಲ್ಲ ದೊಡ್ಡಪ್ಪ. ಎಡಗೈ ಪೂರಾ ಬಿದ್ದೈತಿ. ಬಲಗೈ ಸ್ವಲ್ಪ ಆಡ್ತತಿ. ಬರಂಗಿದ್ರ ಬರ್ರಿ.” ಬರಂಗಿದ್ರ ಎಂಬ ಮಾತಿನಲ್ಲಿ ಹುಡುಗ ತಪ್ಪೇನೂ ಆಡಿರಲಿಲ್ಲ. ಅವನು ಹುಟ್ಟುವ ಮೊದಲಿನಿಂದಲೂ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು. ಸಾವು ಮದುವೆಗಳಲ್ಲಿ ಎದುರಾದರೆ ನಾಗೇಂದ್ರಪ್ಪ ಬೇರೆ ಕಂಬದ ಬಳಿ ಹೋಗಿ ನಿಲ್ಲುತ್ತಿದ್ದ. ಊರಿನವರು ಅವನನ್ನೇ ಬಯ್ಯುತ್ತಿದ್ದರು. ಸಮನಾಗಿ ಪಾಲು ಮಾಡಿಕೊಟ್ಟ ಅಣ್ಣನ ಮೇಲೆ ಎಂಥಾ ಹಟ ಇದು ಎಂದು. ಉಜ್ಜಿನಪ್ಪ ಆಗೆಲ್ಲ “ಹೋಗ್ಲಿ ಬಿಡ್ರಿ, ಸಣ್ಣವ” ಎನ್ನುತ್ತಿದ್ದ. ಹಾಗೆಂದಾಗ ಜನ ಅವನನ್ನು ಇನ್ನಷ್ಟು ಗೌರವದಿಂದ ನೋಡುತ್ತಿದ್ದರು. ಆ ಗೌರವವನ್ನು ಬೇಡವೆನ್ನದೆ ಅವನು ಇಷ್ಟು ವರ್ಷ ಉಂಡಿದ್ದ.

ಸೊಸೆ ತ್ರಿವೇಣಿ ಈ ಮನೆಗೆ ಬರದಿದ್ದರೆ ಇವತ್ತು ಗೊರಸು ಬಸ್ಸು ಹತ್ತುತ್ತಿರಲಿಲ್ಲ. ಹೊಸಪೇಟೆಯ ಕಾಲೇಜಿನಲ್ಲಿ ಕಲ್ಲುಮಣ್ಣಿನ ಪಾಠ ಹೇಳುವವಳು, ಸ್ಕೂಟಿಯಲ್ಲಿ ಹೋಗಿ ಬರುತ್ತಾಳೆ. ಒಂದು ಸೋಮವಾರ ರಜೆಯಿತ್ತು. ಅವನು ಗೊರಸನ್ನು ತೊಳೆದು ಒರೆಸಿ ದೇವರ ಮಾಡದಲ್ಲಿಡುವಾಗ ಪಕ್ಕದಲ್ಲಿ ನಿಂತು ನೋಡಿದಳು. ಕೇಳಿ, ಕೈಗೆ ತಗೊಂಡಳು. ಬೆಳಕಿಗೆ ಹೋಗಿ ಪಡಸಾಲೆಯ ಕಟ್ಟೆಯ ಮೇಲೆ ಕೂತಳು. ಹೊತ್ತು ಕಳೆದು, “ಮಾವಾರ, ಬ್ಯಾಸರ ಮಾಡ್ಕೊಬ್ಯಾಡ್ರಿ. ಇದು ಗೊರಸಲ್ಲ. ಸಿಂಪಿ ಇದು. ಸಮುದ್ರದಾಗಿನ ಸಿಂಪಿ, ಕಲ್ಲಾಗೈತಿ” ಎಂದಳು. ಅವನಿಗೆ ಬೇಸರವೇನೂ ಆಗಲಿಲ್ಲ. ಮುತ್ತಜ್ಜನ ಕಾಲದಲ್ಲಿ ತಮಿಳು ಸೀಮೆಯಿಂದ ನಡೆದು ಬಂದ ಜಂಗಮನೊಬ್ಬ ಕೊಟ್ಟಿದ್ದು ಎಂದು ಅವ್ವ ಹೇಳುತ್ತಿದ್ದಳು, ಅದನ್ನೇ ಹೇಳಿದ. “ಹಂಗಂದ್ರ ಸರಿ ಆತು” ಎಂದಳು ತ್ರಿವೇಣಿ. “ಇಲ್ಲಿದು ಇರಾಕ ಸಾಧ್ಯ ಇಲ್ಲ. ನಮ್ಮ ಸಂಡೂರಿನ ಕಲ್ಲು ಹುಟ್ಟಿದಾಗ ಭೂಮಿ ಮ್ಯಾಲ ಚಿಪ್ಪಿನ ಪ್ರಾಣಿನೇ ಇರಲಿಲ್ಲ. ಇದು ಆಮ್ಯಾಲಿಂದು. ಆಮ್ಯಾಲಿಂದು ಅಂದ್ರೂ ಕೋಟಿಗಟ್ಟಲೆ ವರ್ಷದ್ದು. ಈಗ ಈ ಜಾತಿ ಎಲ್ಲೂ ಉಳಿದಿಲ್ಲ.”

ಅವಳು ತೋರಿಸಿದ್ದು ಒಂದೊಂದೂ ಅವನಿಗೆ ನೆನಪಿದೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲ, ಕೇಳಿದ್ದನ್ನು ಇಟ್ಟುಕೊಳ್ಳುವ ಅಭ್ಯಾಸ ಇದೆ. ಗೊರಸಿನ ಬಾಗಿದ ತುದಿ ಗೊರಸಿನ ತುದಿಯಲ್ಲ, ಚಿಪ್ಪಿನ ಕೊಕ್ಕು. ಪ್ರಾಣಿ ಹುಟ್ಟಿದ್ದು ಅಲ್ಲಿಂದ. ಕೊಕ್ಕಿನ ತುತ್ತತುದಿಯಲ್ಲಿ ಎಳ್ಳಿನಷ್ಟು ಚಪ್ಪಟೆ ಜಾಗವಿದೆ. ಮರಿಯಾಗಿದ್ದಾಗ ಯಾವುದೋ ಹರಳಿಗೆ ಅಂಟಿಕೊಂಡು ಕೂತಿದ್ದ ಗುರುತು. ಆಮೇಲೆ ಬೆಳೆದು, ಭಾರವಾಗಿ, ಅಂಟು ಬಿಟ್ಟು, ಕಡಲಿನ ಕೆಸರಿನಲ್ಲಿ ತನ್ನ ತೂಕದ ಮೇಲೆ ತಾನೇ ಮಲಗಿ ಬದುಕಿತು. ಮೈಮೇಲಿನ ಗೆರೆಗಳು ಬಸವಣ್ಣ ನಡೆದು ಸವೆದ ಗೆರೆಗಳಲ್ಲ, ಪದರದ ಮೇಲೆ ಪದರ ಕಟ್ಟಿಕೊಂಡು ಬೆಳೆದ ಗೆರೆ. ಒಂದು ಪಕ್ಕಕ್ಕೆ ಕೊಕ್ಕಿನಿಂದ ಅಂಚಿನವರೆಗೆ ಇಳಿದ ತೋಡು. ಒಳಗೆ, ಬಟ್ಟಲಿನಂಥ ಹೊಟ್ಟೆಯಲ್ಲಿ, ಹೆಬ್ಬೆರಳು ಒತ್ತಿದಂತೆ ದುಂಡನೆಯ ಒಂದು ಕಲೆ. “ಇಲ್ಲಿ ಒಂದು ಸ್ನಾಯು ಇತ್ರಿ. ಎರಡು ಚಿಪ್ಪನ್ನೂ ಎಳದು ಮುಚ್ಚಿ ಹಿಡಿಯೋದು ಅದೇ ಕೆಲಸ. ಜೀವ ಇರೋತನ ಹಿಡಕಂಡಿರ್ತತಿ. ಸತ್ತ ಮ್ಯಾಲ ಹಿಡಿತ ಸಡ್ಲಾಗಿ ಬಾಯಿ ತಾನ ತೆರಕೊಂತತಿ.” ಮೊದಲು ಅವಳು ಅದಕ್ಕೆ ಒಂದು ಹೆಸರು ಹೇಳಿದ್ದಳು, ಗ್ರೈಫಿಯ ಎಂದೋ ಏನೋ. ಮರುದಿನ ಕಾಲೇಜಿನಿಂದ ಸಣ್ಣ ಭೂತಗನ್ನಡಿ ತಂದು ಅಂಚಿನ ಮುಕ್ಕಾದ ಕಡೆ ಹಿಡಿದು ನೋಡಿ, ಅಲ್ಲ, ಬೇರೆ ಕುಲ ಎಂದಳು. ಅವನಿಗೂ ತೋರಿಸಿದಳು. ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಗೂಡುಗಳು. “ಹೊರಗಿನ ಆಕಾರ ನೋಡಿ ಕುಲ ಹೇಳಾಕ ಹೋದ್ರ ಮೋಸ ಹೋಗ್ತೀವ್ರಿ. ಕೆಸರಾಗ ಬದುಕಿದ್ವು ಎಲ್ಲಾ ಹಿಂಗ ಗೊರಸಿನಂಗೇ ಆಗ್ತಾವ. ಒಳಗಿಂದು ನೋಡಬೇಕು. ಈ ಗೂಡು, ಈ ದುಂಡನ ಕಲೆ. ಕಲೆ ಗೋಡಂಬಿ ಹಂಗ ಬಾಗಿದ್ರ ಅದು ಬ್ಯಾರೆ ಮನಿತನ.”

ಆಗಲೇ ಅವನು ಕೇಳಿದ್ದು, ಎಷ್ಟೋ ದಿನದಿಂದ ಕೇಳಬೇಕೆಂದಿದ್ದವನ ಹಾಗೆ: “ಇದಕ್ಕ ಕುಂದ್ರಾಕ ಒಂದು ಮಣಿ ಇತ್ತವಾ. ಚಪ್ಪಟೆ. ಇಷ್ಟಗಲ. ಅದರ ಮ್ಯಾಲೂ ಇಂಥಾ ಗೆರಿ. ನಮ್ಮವ್ವ ಅದರ ಮ್ಯಾಲ ಇದನ್ನ ಕುಂದ್ರಸ್ತಿದ್ಲು. ಅದು ಈಗ ಕಂಪ್ಲ್ಯಾಗೈತಿ.” ತ್ರಿವೇಣಿಯ ಕಣ್ಣು ದೊಡ್ಡದಾಯಿತು. “ಹಂಗಾದ್ರ ಅದು ಇದರ ಬಲಚಿಪ್ಪು ಇರಬಹುದ್ರಿ ಮಾವಾರ! ಇದು ಎಡದ್ದು, ಬಟ್ಟಲು. ಬಲದ್ದು ಮುಚ್ಚಳದ ಹಂಗ ಚಪ್ಪಟೇನೇ ಇರ್ತತಿ. ಎರಡೂ ಸೇರಿ ಒಂದು ಜೀವ. ಆದ್ರ ನೋಡದ ಹೇಳಾಕ ಬರಲ್ಲ. ಒಂದೇ ಜೀವದ್ದಾದ್ರ ಅಂಚಿಗೆ ಅಂಚು ಕೂಡ್ತತಿ, ನಡುವ ಕೂದಲೂ ಹೋಗಲ್ಲ. ಬ್ಯಾರೆದ್ದಾದ್ರ ಎಷ್ಟು ಒತ್ತಿದ್ರೂ ಬಾಯಿ ಬಿಡ್ತತಿ.” ಅವಳು ಹೇಳಿದ್ದರಲ್ಲಿ ಉಜ್ಜಿನಪ್ಪ ಕೇಳಿಸಿಕೊಂಡದ್ದು ಎರಡೂ ಸೇರಿ ಒಂದು ಜೀವ ಎಂಬುದನ್ನು ಮಾತ್ರ. ಅಂದು ರಾತ್ರಿ ಅವನಿಗೆ ಎಂದೂ ಇಲ್ಲದ ನಿದ್ದೆ ಬಂತು. ದೇವರೊಂದು, ಮಣೆಯೊಂದು ಎಂದು ಎಲ್ಲರೂ ತಿಳಿದಿದ್ದೇ ತಪ್ಪಾಗಿದ್ದರೆ, ಎರಡೂ ಒಂದೇ ಪ್ರಾಣಿಯ ಎಡ ಬಲವಾಗಿದ್ದರೆ, ಅವನು ತಮ್ಮನಿಗೆ ಕೊಟ್ಟದ್ದು ಕಡಿಮೆಯದನ್ನಲ್ಲ. ಅರ್ಧವನ್ನು. ಅರ್ಧಕ್ಕೆ ಅರ್ಧ. ಇದನ್ನು ನಾಗೇಂದ್ರಪ್ಪನಿಗೆ ಒಮ್ಮೆ ಹೇಳಬೇಕು, ಹೇಳುವುದೂ ಬೇಡ, ಅವನ ಕಣ್ಣ ಮುಂದೆ ಎರಡನ್ನೂ ಮುಚ್ಚಿ ತೋರಿಸಿದರೆ ಸಾಕು. ಆ ಯೋಚನೆಯಲ್ಲೇ ಬೇಸಿಗೆ ಕಳೆಯಿತು. ನಾಳೆ ಹೋದರಾಯಿತು, ಕೊಯ್ಲು ಮುಗಿಯಲಿ ಎಂದು ದೂಡಿದ. ಅಷ್ಟರಲ್ಲಿ ಲಕ್ವ ಬಂದು ಆ ಮನೆಯ ಬಾಗಿಲಲ್ಲಿ ಅವನಿಗಿಂತ ಮೊದಲು ನಿಂತಿತು.

ಬಸ್ಸು ಯಾವುದೋ ಹಳ್ಳಿಯಲ್ಲಿ ನಿಂತಾಗ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಉಜ್ಜಿನಪ್ಪ ಮೂಗು ಮುಚ್ಚಿಕೊಂಡ. ಅವನ ಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವುದಕ್ಕೆ ಹೊಳೆಯಿಂದ ತಂದ ಒಂದು ಗುಂಡುಕಲ್ಲು ಇತ್ತು, ಕರಿಯದು, ಕೈಯಲ್ಲಿ ಹಿಡಿದರೆ ತಂಪಾಗಿ ಭಾರವಾಗಿ ಕೂರುತ್ತಿತ್ತು. ಅವ್ವ ತೀರಿಕೊಂಡ ವರ್ಷ ಪಾಲಾಯಿತು. ಅವರ ಮನೆತನದ ರೂಢಿಯಂತೆ ಹಿರಿಯ ಪಾಲು ಮಾಡಿದ, ಕಿರಿಯ ಮೊದಲು ಎತ್ತಿಕೊಂಡ. ಹೊಲ, ಎತ್ತು, ಹಂಡೆ ಎಲ್ಲ ಕಣ್ಣೆದುರಿಗೆ. ದೇವರನ್ನು ಮಾತ್ರ ನೋಡಿ ಆರಿಸಬಾರದು. ಬಟ್ಟೆಯಲ್ಲಿ ಕಟ್ಟಿಟ್ಟದ್ದನ್ನು ಕೈಯಲ್ಲಿ ಎತ್ತಿ, ಮನಸ್ಸಿಗೆ ಬಂದದ್ದನ್ನು ಹಿಡಿಯಬೇಕು. ಒಂದರಲ್ಲಿ ಗೊರಸು, ಒಂದರಲ್ಲಿ ಅದರ ಮಣೆ. ಗಂಟು ಕಟ್ಟಲು ಕೋಣೆಗೆ ಹೋದವನು ಉಜ್ಜಿನಪ್ಪ. ಗೊರಸು ಭಾರ, ಮಣೆ ಹಗುರ, ಯಾರು ಎತ್ತಿದರೂ ತಿಳಿಯುತ್ತದೆ. ಹಿರಿಯ ಮಗನ ಮನೆಯಲ್ಲಿ ಬರೀ ಮಣೆ ಇಟ್ಟುಕೊಂಡು ಯಾರಿಗೆ ಕೈ ಮುಗಿಯುವುದು? ಅಡುಗೆಮನೆಯ ಮೂಲೆಯಲ್ಲಿ ಗುಂಡುಕಲ್ಲು ಕಂಡಿತು. ಅದಕ್ಕಿನ್ನೂ ಬೆಳಗಿನ ಚಟ್ನಿಯ ಸಿಪ್ಪೆ ಅಂಟಿತ್ತು, ಅಂಗಿಯ ತುದಿಯಿಂದ ಒರೆಸಿ ಮಣೆಯ ಜೊತೆಗಿಟ್ಟು ಗಂಟು ಕಟ್ಟಿದ. ಹೊರಗೆ ನಾಗೇಂದ್ರಪ್ಪ ಎರಡೂ ಗಂಟು ಎತ್ತಿ ನೋಡಿದ, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು, ತುಟಿಯಲ್ಲಿ ಶಿವ ಶಿವ ಅನ್ನುತ್ತ. ಭಾರವಾದದ್ದನ್ನು ಎದೆಗೊತ್ತಿಕೊಂಡ. ಅಂಗಳದ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಗಂಟು ಬಿಚ್ಚಿದ. ಪಾಲಿಗೆ ಸಾಕ್ಷಿ ಕೂತ ಪಂಚರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ಯಾರೂ ನೋಡಲಿಲ್ಲ. ಅವನು ತಲೆಯೆತ್ತಿ ಅಣ್ಣನನ್ನು ನೋಡಿದ. ಸಿಟ್ಟಿನಿಂದಲ್ಲ. ಪರಿಚಯದವರೆಂದು ಕರೆಯಲು ಹೋಗಿ, ಹತ್ತಿರ ಬಂದ ಮೇಲೆ ಅಲ್ಲವೆಂದು ತಿಳಿದವರು ನೋಡುವ ಹಾಗೆ. ಮತ್ತೆ ಗಂಟು ಕಟ್ಟಿದ. ಪಂಚರ ಮುಂದೆ ಗುಂಡುಕಲ್ಲು ಎತ್ತಿ ಹಿಡಿದು ತೋರಿಸಬಹುದಿತ್ತು. ತೋರಿಸಲಿಲ್ಲ. ತನಗೆ ಬಂದದ್ದು ಮಣೆ ಎಂದಷ್ಟೇ ಹೇಳಿದ. ಆಮೇಲೆ ಊರಲ್ಲಿ ಕುಹಕಿಗಳು, ನಾಗೇಂದ್ರಪ್ಪಗ ಕುಂದ್ರಾಕ ಮಣಿ ಬಂತಲ್ಲೋ, ಇನ್ನ ಊಟಕ್ಕ ನೀಡ್ರಿ ಎಂದು ನಗಾಡಿದರು. ಬೆಳೆ ಬರುವ ಮೊದಲೇ ಅವನು ಹೊಲವನ್ನು ಬೆಳೆಯ ಪಾಲಿನ ಮೇಲೆ ಕೋರಿಗೆ ಕೊಟ್ಟು ಕಂಪ್ಲಿ ಸೇರಿದ. ಇತ್ತ ಉಜ್ಜಿನಪ್ಪನ ಹೆಂಡತಿ ಎಷ್ಟೋ ದಿನ, “ಬಳ್ಳೊಳ್ಳಿ ಜಜ್ಜೋ ಗುಂಡು ಎಲ್ಲಿ ಹೋತು? ಕಲ್ಲಿಗೂ ಕಾಲು ಬರ್ತಾವೇನು?” ಎಂದು ಹುಡುಕಿದಳು. ಅವಳು ಸಾಯುವವರೆಗೂ ಅವನು ಹೇಳಲಿಲ್ಲ.

ಕಂಪ್ಲಿಯ ಬಸ್ ಸ್ಟ್ಯಾಂಡಿನಿಂದ ಮನೆ ದೂರವಿರಲಿಲ್ಲ. ಅಕ್ಕಿ ಗಿರಣಿಯ ಹಿಂದಿನ ಓಣಿ. ತೌಡಿನ ಧೂಳು ಎಲ್ಲ ಬಾಗಿಲುಗಳ ಮೇಲೂ ಕೂತಿತ್ತು. ತಮ್ಮನ ಹೆಂಡತಿ ಜಂಬಮ್ಮ ಕಟ್ಟೆಯ ಮೇಲೆ ಕೂತು ಔಷಧಿಯ ಬಾಟಲಿ ತೊಳೆಯುತ್ತಿದ್ದವಳು ಎದ್ದು ನಿಂತಳು, ಸೆರಗು ಎಳೆದುಕೊಂಡಳು. “ಬರ್ರಿ ಭಾವಾರ. ಕೈಕಾಲಿಗೆ ನೀರು ತಗೊಳ್ರಿ.” ತಂಬಿಗೆ ಕೊಟ್ಟಳು. ಅವನು ಕಾಲು ತೊಳೆಯುತ್ತಿರುವಾಗ, ತಡೆಯಲಾರದೆ, “ದಾರಿ ಸಿಕ್ತಲ್ರಿ ಅಂತೂ. ಯಾರನ್ನ ಕೇಳಿದ್ರಿ?” ಎಂದಳು. ಯಾರನ್ನೂ ಕೇಳಿರಲಿಲ್ಲ. ಕಂಪ್ಲಿಗೆ ಗೊಬ್ಬರಕ್ಕೆ, ಮದುವೆಗೆ ಬಂದಾಗಲೆಲ್ಲ ಅವನು ಈ ಓಣಿಯ ಬಾಯಲ್ಲಿ ನಿಂತು ಹೋಗಿದ್ದುಂಟು. “ಗಿರಣಿ ಸಪ್ಪಳ ಹಿಡಕಂಡು ಬಂದೆ ತಂಗಿ” ಎಂದ. ಗಿರಣಿ ಅವತ್ತು ನಿಂತಿತ್ತು.

ನಡುಮನೆಯಲ್ಲಿ ಮಂಚ. ನಾಗೇಂದ್ರಪ್ಪನ ಮುಖ ಒಂದು ಪಕ್ಕಕ್ಕೆ ಎಳೆದಿತ್ತು, ಬಾಯಿಯ ಎಡತುದಿ ಕೆಳಗಿಳಿದು ಅಲ್ಲಿಂದ ಜೊಲ್ಲು ಟವೆಲ್ಲಿಗೆ ಹರಿಯುತ್ತಿತ್ತು. ಕಣ್ಣು ಮಾತ್ರ ಹಿಂದಿನ ಹಾಗೆಯೇ ಇದ್ದವು. ಅವು ಅಣ್ಣನನ್ನು ನೋಡಿದವು, ಕೈಯಲ್ಲಿನ ಗಂಟಿಗೆ ಇಳಿದವು, ಅಲ್ಲಿಯೇ ನಿಂತವು. ಉಜ್ಜಿನಪ್ಪ ಮಂಚದ ಅಂಚಿಗೆ ಕೂತ. ದಾರಿಯುದ್ದಕ್ಕೂ ಬೇರೆಯೇ ಮಾತು ಜೋಡಿಸಿಕೊಂಡಿದ್ದ. “ಹೆಂಗದಿಯೋ” ಎಂದ. ಮಾತಿಲ್ಲದವನನ್ನು ಹೇಗಿದ್ದೀ ಎಂದೆನಲ್ಲ ಎಂದು ನಾಚಿ ತಿಪ್ಪೇಶನ ಕಡೆ ತಿರುಗಿದ. “ನಿಮ್ಮ ಮನ್ಯಾಗ ಒಂದು ಮಣಿ ಐತಲ್ಲಪಾ, ಕಲ್ಲಿಂದು. ಅದನ್ನ ತಗೊಂಡು ಬಾ.” ತ್ರಿವೇಣಿ ಹೇಳಿದ್ದನ್ನು ತಿಳಿದಷ್ಟು ಹೇಳಿದ. ಎಡಚಿಪ್ಪು, ಬಲಚಿಪ್ಪು, ಒಂದೇ ಜೀವ. ತಿಪ್ಪೇಶ್ ಅದನ್ನು ಅಪ್ಪನ ಕಿವಿಯ ಬಳಿ ಬಾಗಿ ಕಿವುಡರಿಗೆ ಹೇಳುವಂತೆ ಜೋರಾಗಿ ಹೇಳಿದ: “ಅಪ್ಪಾ, ದೊಡ್ಡಪ್ಪನ ಮನಿ ದೇವರು, ನಮ್ಮನಿ ದೇವರು, ಎರಡೂ ಒಂದೇ ಅಂತ! ಜೋಡಿಸಿ ತೋರಸ್ತಾನಂತ ನೋಡು!” ನಾಗೇಂದ್ರಪ್ಪನ ಬಲಗೈ ಹೊದಿಕೆಯ ಮೇಲೆ ಒಮ್ಮೆ ಆಡಿತು. ಆ ಕೈಯಲ್ಲಿ ಏನಿತ್ತು, ಬೇಡವೆಂಬುದೋ ಬರಲಿ ಎಂಬುದೋ, ಯಾರಿಗೂ ತಿಳಿಯಲಿಲ್ಲ.

ದೇವರ ಮಾಡ ಎದುರಿಗೇ ಇತ್ತು. ಎದ್ದು ಅಲ್ಲಿಗೆ ಹೋದ ಉಜ್ಜಿನಪ್ಪನ ಕಾಲು ಅಲ್ಲೇ ನಿಂತವು. ಮಣೆ ಇತ್ತು. ಮಣೆಯ ಮೇಲೆ ಗುಂಡುಕಲ್ಲು ಕೂತಿತ್ತು. ಎಷ್ಟೋ ವರ್ಷದ ವಿಭೂತಿ ಅದರ ಮೇಲೆ ಕಟ್ಟಿ ಕಲ್ಲು ಬೂದಿಬಣ್ಣವಾಗಿತ್ತು, ನಡುವೆ ಕುಂಕುಮದ ಬೊಟ್ಟು, ನೆತ್ತಿಯ ಮೇಲೆ ಇವತ್ತಿನದೇ ಕಣಗಿಲೆ ಹೂವು. “ನಮ್ಮ ದೇವರು ಇದು ದೊಡ್ಡಪ್ಪ” ಎಂದ ತಿಪ್ಪೇಶ್. “ಯಾವ ಕಲ್ಲಪ್ಪಾ ಇದು, ಲಿಂಗನೂ ಅಲ್ಲ ಬಸವಣ್ಣನೂ ಅಲ್ಲ ಅಂತ ಕೇಳಿದ್ರ ಅಪ್ಪ ಒಂದೇ ಮಾತು ಅಂತಿದ್ದ. ನಿಮ್ಮ ದೊಡ್ಡಪ್ಪನೇ ಕೈಯಾರೆ ಇಟ್ಟು ಕೊಟ್ಟಿದ್ದು ಅಂತ. ಒಂದು ದಿನಾನೂ ಪೂಜಿ ತಪ್ಪಿಸಿಲ್ಲ.” ಜಂಬಮ್ಮ ಹಿಂದಿನಿಂದ, “ಅದನ್ನ ತೊಳದ ನೀರೇ ಈಗ್ಲೂ ಕುಡಸ್ತೀವ್ರಿ, ಔಷಧ ಅದರ ಮ್ಯಾಲ” ಎಂದಳು. ತಿಪ್ಪೇಶ್ ಗುಂಡುಕಲ್ಲನ್ನು ಕಣ್ಣಿಗೊತ್ತಿಕೊಂಡು ಎತ್ತಿ ಪಕ್ಕಕ್ಕಿಟ್ಟ. ಅದು ಮಣೆಯ ತಗ್ಗಿನಲ್ಲಿ ಎಷ್ಟು ಹದವಾಗಿ ಕೂತಿತ್ತೆಂದರೆ ಎತ್ತುವಾಗ ಬಿಡಲೊಲ್ಲೆನೆಂಬಂತೆ ಸಣ್ಣ ಸದ್ದು ಮಾಡಿತು. ಅದರ ಕೆಳಗೆ ವಿಭೂತಿ ತಾಕದೆ ಉಳಿದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಆ ಹೊಳಪಿನ ನಡುವೆ ಒಂದು ಕಲೆ. ದುಂಡಗಿರಲಿಲ್ಲ. ಗೋಡಂಬಿಯ ಹಾಗೆ ಬಾಗಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಕತ್ತಲೆ ಐತಿ, ಕಣ್ಣು ಕಾಣಲ್ಲ, ಇನ್ನೊಮ್ಮೆ ನೋಡೋಣ ಎಂದು ಗಂಟನ್ನು ಮಡಿಲಿಗೆ ಸೇರಿಸಬಹುದಿತ್ತು. ಆದರೆ ಮಂಚದ ಮೇಲಿನ ಕಣ್ಣುಗಳು ಅವನ ಕೈಯನ್ನೇ ನೋಡುತ್ತಿದ್ದವು. ಟವೆಲ್ಲು ಬಿಚ್ಚಿ ಗೊರಸನ್ನು ತೆಗೆದ. ಮಂಚದ ಅಂಚಿಗೆ ಕೂತು ಮಣೆಯನ್ನು ತಮ್ಮನ ಎದೆಯ ಮೇಲಿಟ್ಟು, ಅದರ ಮೇಲೆ ಗೊರಸನ್ನು ಬೋರಲು ಹಾಕಿ, ಕೊಕ್ಕಿಗೆ ಕೊಕ್ಕು ತಂದ. ಸುತ್ತ ಮುಕ್ಕಾಲು ಭಾಗ ಅಂಚು ಅಂಚಿನ ಹತ್ತಿರ ಬಂತು. ತೋಡಿನ ಪಕ್ಕದಲ್ಲಿ, ಬೆರಳು ಹೋಗುವಷ್ಟು, ಬಾಯಿ ಬಿಟ್ಟುಕೊಂಡಿತು. ಒತ್ತಿದ. ಅಲುಗಿತು, ಮತ್ತೆ ಬಾಯಿ ಬಿಟ್ಟಿತು. ಆಗ ಅವನಿಗೆ ಅವ್ವನ ಹೆಬ್ಬೆರಳು ಕಂಡಿತು. ಸೋಮವಾರ ಸೋಮವಾರ ಅವಳು ಗೊರಸನ್ನು ಮಣೆಯ ಮೇಲಿಟ್ಟು, ಒದ್ದೆ ವಿಭೂತಿಯನ್ನು ಉಂಡೆ ಮಾಡಿ ಇದೇ ಜಾಗದಲ್ಲಿ ತುಂಬಿ ಒತ್ತುತ್ತಿದ್ದಳು. ದೇವರು ಅಲುಗಾಡಬಾರದು ಎನ್ನುತ್ತಿದ್ದಳು. ಅವನೂ ನಾಗೇಂದ್ರಪ್ಪನೂ ಎರಡೂ ಪಕ್ಕದಲ್ಲಿ ಮಂಡಿಯೂರಿ, ಉಳಿದ ವಿಭೂತಿಯನ್ನು ಒಬ್ಬರ ಹಣೆಗೊಬ್ಬರು ಬಳಿದು ನಗುತ್ತಿದ್ದರು. ಅವು ಎಂದೂ ಕೂಡಿರಲೇ ಇಲ್ಲ. ಯಾವುದೋ ಕಡಲ ದಂಡೆಯಲ್ಲಿ ಜಂಗಮ ಚಂದ ಕಂಡ ಎರಡನ್ನು ಆರಿಸಿ ಜೋಳಿಗೆಗೆ ಹಾಕಿಕೊಂಡಿದ್ದ, ಅಷ್ಟೆ. ಕೂಡಿದ ಹಾಗೆ ಇಟ್ಟದ್ದು ಅವ್ವ.

ಉಜ್ಜಿನಪ್ಪ ತನ್ನ ತೋರುಬೆರಳನ್ನು ಆ ಬಾಯಿಯ ಮೇಲೆ ಅಡ್ಡ ಇಟ್ಟು ಅಂಗೈಯಿಂದ ಎರಡನ್ನೂ ಬಿಗಿಯಾಗಿ ಹಿಡಿದ. “ಕೂತ್ವಾ ದೊಡ್ಡಪ್ಪ?” ಎಂದ ತಿಪ್ಪೇಶ್. “ಕೂತ್ವು” ಎಂದ. ದನಿ ಅಲುಗಲಿಲ್ಲ. ಅದಕ್ಕೆ ಅವನಿಗೇ ಹೆದರಿಕೆಯಾಯಿತು. “ನೋಡೋ ನಾಗೇಂದ್ರ. ಅಂಚಿಗೆ ಅಂಚು. ನಿಂದರ್ಧ, ನಂದರ್ಧ.” ನಾಗೇಂದ್ರಪ್ಪನ ಬಲಗೈ ಹೊದಿಕೆಯಿಂದ ಎದ್ದಿತು. ಬಂದು ಚಿಪ್ಪುಗಳ ಮೇಲೆ ಕೂತಿತು. ಹೆಬ್ಬೆರಳು ಅಂಚನ್ನು ಹಿಡಿದು ನಿಧಾನವಾಗಿ ಸುತ್ತತೊಡಗಿತು, ಅಂದು ಕಣ್ಣು ಮುಚ್ಚಿ ಗಂಟುಗಳನ್ನು ತೂಗಿ ನೋಡಿದ ಅದೇ ನಿಧಾನದಲ್ಲಿ. ಇಷ್ಟು ವರ್ಷ ದಿನವೂ ಮಣೆಯನ್ನು ಒರೆಸಿದ ಬೆರಳು ಅದು, ಅದರ ಪ್ರತಿ ಮುಕ್ಕೂ ಅದಕ್ಕೆ ಗೊತ್ತು. ಸುತ್ತಿ ಬಂದು ಅಣ್ಣನ ಬೆರಳಿಗೆ ತಾಗಿ ನಿಂತಿತು. ಸ್ವಲ್ಪ ತಳ್ಳಿತು. ಉಜ್ಜಿನಪ್ಪ ಬೆರಳು ತೆಗೆಯಲಿಲ್ಲ. ಮತ್ತೆ ತಳ್ಳಿತು; ಮಗು ತಳ್ಳುವಷ್ಟು ಬಲ, ಅದಕ್ಕಿಂತ ಇಲ್ಲ. ಜಂಬಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಶುರು ಮಾಡಿದಳು. “ಅಣ್ಣತಮ್ಮಂದ್ರು ಕೈ ಹಿಡಕಂಡ್ರು ನೋಡ್ರೇ! ಭೀಮಕ್ಕಾ, ಬಾರವಾ, ನೋಡು ಬಾ!” ಪಕ್ಕದ ಮನೆಯವಳು ಬಂದಳು, ಗಿರಣಿಯ ಹಮಾಲರಿಬ್ಬರು ಬಾಗಿಲಲ್ಲಿ ನಿಂತರು. “ದೊಡ್ಡವ್ರು ದೊಡ್ಡವ್ರೇ ಬಿಡ್ರಿ. ತಾವಾಗೇ ನಡಕಂಡು ಬಂದ್ರು” ಎಂದ ಒಬ್ಬ. ತಿಪ್ಪೇಶ್ ಕಣ್ಣೊರೆಸಿಕೊಳ್ಳುತ್ತ, “ಹಿಂಗ ಇರ್ಲಿ ದೊಡ್ಡಪ್ಪ, ಎರಡೂ ಇನ್ನ ಬ್ಯಾರೆ ಮಾಡೋದು ಬ್ಯಾಡ” ಎಂದ.

ಹೆಬ್ಬೆರಳು ತಳ್ಳುವುದನ್ನು ನಿಲ್ಲಿಸಿತು. ನಾಗೇಂದ್ರಪ್ಪ ಅಣ್ಣನ ಮುಖವನ್ನು ನೋಡಿದ. ಸಿಟ್ಟಿರಲಿಲ್ಲ. ಅಂಗಳದ ಮೂಲೆಯಲ್ಲಿ ಗಂಟು ಬಿಚ್ಚಿ ತಲೆಯೆತ್ತಿದಾಗಿನ ನೋಟ, ಹಾಗೇ, ಒಂದಿಷ್ಟೂ ಹಳೆಯದಾಗದೆ. ಆಮೇಲೆ ಅವನ ಕೈ ಜಾರಿ ಹೊದಿಕೆಯ ಮೇಲೆ ಬಿತ್ತು, ಕಣ್ಣು ದೇವರ ಮಾಡದ ಕಡೆ, ಪಕ್ಕಕ್ಕೆ ತೆಗೆದಿಟ್ಟ ಗುಂಡುಕಲ್ಲಿನ ಕಡೆ ತಿರುಗಿದವು. ಹೇಳುವ ಬಾಯಿ ಇದ್ದಾಗಲೂ ಅವನು ಹೇಳಿರಲಿಲ್ಲ. ಮಣೆ ಅವನ ಎದೆಯ ಮೇಲೆ ಉಸಿರಿನ ಜೊತೆ ಏಳುತ್ತ ಇಳಿಯುತ್ತ ಇತ್ತು, ಅದರ ಮೇಲೆ ಗೊರಸು, ಗೊರಸಿನ ಮೇಲೆ ಉಜ್ಜಿನಪ್ಪನ ಕೈ. ಬೆರಳು ಮರಗಟ್ಟುತ್ತಿತ್ತು. ಜಂಬಮ್ಮ ಗುಂಡುಕಲ್ಲು ತೊಳೆದ ನೀರನ್ನು ಚಮಚದಲ್ಲಿ ಹಿಡಿದು ಬಂದಳು.

“ಸ್ವಲ್ಪ ಕೈ ತಗೀರಿ ಭಾವಾರ, ನೀರು ಹಾಕ್ತೀನಿ.”

“ಹ್ಞೂಂ” ಎಂದ ಉಜ್ಜಿನಪ್ಪ. ಬಾಗಿಲಲ್ಲಿ ನಿಂತವರೆಲ್ಲ ನೋಡುತ್ತಿದ್ದರು.

“ಭಾವಾರ, ಕೈ ತಗೀರಿ.”